ಕಿವಿ ಶೇಖಪ್ಪನೂ ನಾಲ್ಕನೆಯ ಹಾಡೂ

ಶೇಖಪ್ಪನನ್ನು ನಾನು ಎರಡು ವರ್ಷ ದ್ವೇಷಿಸಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಓದುತ್ತ ಯಾರಾದರೂ ನನ್ನನ್ನು ದೊಡ್ಡ ಮನಸ್ಸಿನವಳೆಂದು ತಿಳಿದುಕೊಂಡಾರು. ಬೆಳಿಗ್ಗೆ ನಳ ಬಿಟ್ಟರೆ ಬೈಗುಳ. ಸಂಜೆ ಬಂದು ಚಪ್ಪಲಿ ಬಿಟ್ಟರೆ ಬೈಗುಳ. ಮೆಟ್ಟಿಲು ದಡದಡ ಹತ್ತಿದರೆ ಮನೆ ಬೀಳಿಸುತ್ತಾಳೆ, ಮೆಲ್ಲಗೆ ಹತ್ತಿದರೆ ಕಳ್ಳಿಯ ಹಾಗೆ ಬರುತ್ತಾಳೆ. ಅಂಚೆ ಕಚೇರಿಯ ಕೌಂಟರಿನಲ್ಲಿ ನನ್ನ ಪಕ್ಕ ಕೂರುವ ದ್ರಾಕ್ಷಾಯಣಿ, ‘ಅಂಥಾ ಹುಚ್ಚ ಖೋಡಿ ಮನ್ಯಾಗ ಯಾಕ ಇದ್ದೀಯ ಶೈಲಾ?’ ಎಂದು ದಿನಾ ಕೇಳುತ್ತಿದ್ದಳು. ಗಂಡನನ್ನು ಬಿಟ್ಟು ಬಂದ ಹೆಂಗಸಿಗೆ ಹಳಿಯಾಳದಲ್ಲಿ ಮನೆ ಕೊಡುವವರು ಯಾರು? ಶೇಖಪ್ಪ ಕೊಟ್ಟ. ಗಂಡನ ವಿಷಯ ಒಂದು ಮಾತೂ ಕೇಳಲಿಲ್ಲ. ಅವನಲ್ಲಿ ನನಗೆ ಕಂಡ ಒಳ್ಳೆಯ ಗುಣ ಅದೊಂದೇ.

ಕಲಘಟಗಿ ಕಡೆಯ ಹಳ್ಳಿಯಿಂದ ಹತ್ತೊಂಬತ್ತರ ವಯಸ್ಸಿಗೆ ಬಂದವನು, ಈಗ ಅರವತ್ಮೂರು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕೆಳಗೆ ಅವನ ಮೋಟಾರ್ ರಿವೈಂಡಿಂಗ್ ಅಂಗಡಿ, ಅದರ ಹಿಂದೆ ಅವನ ಮನೆ, ಮೇಲೆ ನನ್ನ ಕೋಣೆ. ಸುತ್ತಲಿನ ಹಳ್ಳಿಗಳಲ್ಲಿ ಕಬ್ಬಿಗೆ ನೀರು ಬಿಡುವ ಮೋಟಾರು ಸುಟ್ಟರೆ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದು ಇಲ್ಲಿಯೇ ಇಳಿಸುತ್ತಾರೆ. ಅಂಗಡಿಯನ್ನು ಶುರುಮಾಡಿದವರು ಇಬ್ಬರು, ಶೇಖಪ್ಪ ಮತ್ತು ಜಮಾಲಸಾಬ. ತಾಮ್ರದ ತಂತಿ ಸುತ್ತುವುದು, ಬೇರಿಂಗ್ ಕೂಡಿಸುವುದು ಜಮಾಲಸಾಬನ ಕೈಕೆಲಸ. ಎಲ್ಲ ಮುಗಿದ ಮೇಲೆ ಮೋಟಾರನ್ನು ಓಡಿಸಿ, ಸರಿ ಇದೆಯೋ ಇಲ್ಲವೋ ಎಂದು ಹೇಳುವುದು ಶೇಖಪ್ಪನ ಕಿವಿಯ ಕೆಲಸ.

ಆ ಕಿವಿಗೆ ಊರೆಲ್ಲ ಹೆಸರಿತ್ತು. ಮರದ ಹಿಡಿಕೆಯ ಒಂದು ಮೊಳದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿನ ಬೇರಿಂಗಿನ ಮೇಲಿಟ್ಟು, ಹಿಡಿಕೆಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಸುತ್ತ ನಿಂತ ರೈತರು ಕೆಮ್ಮುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ‘ಹೂಂ’ ಎನ್ನುತ್ತಿದ್ದ. ಆಮೇಲೆ ಗಣಪತಿ ಫೋಟೋದ ಕೆಳಗಿನ ಕುಂಕುಮದ ಡಬ್ಬಿಯಿಂದ ಒಂದು ಬೊಟ್ಟು ತೆಗೆದು ಮೋಟಾರಿನ ಹಣೆಗೆ ಹಚ್ಚುತ್ತಿದ್ದ. ಕುಂಕುಮವಿಲ್ಲದ ಮೋಟಾರನ್ನು ಯಾರೂ ಟ್ರ್ಯಾಕ್ಟರಿಗೆ ಏರಿಸುತ್ತಿರಲಿಲ್ಲ. ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಒಳಗೆ ಹೋದವನು ಎರಡಕ್ಕೆ ಹೊರಗೆ ಬರುತ್ತಿದ್ದ, ಬಂದ ಮೇಲೆಯೇ ಈ ಕುಂಕುಮದ ಕಾರ್ಯಕ್ರಮ. ಜನ ಅವನನ್ನು ಕಿವಿ ಶೇಖಪ್ಪ ಎಂದೇ ಕರೆಯುತ್ತಿದ್ದರು. ಅವನು ಆ ಹೆಸರನ್ನು ಕೇಳಿ ಉಬ್ಬುತ್ತಿದ್ದ, ಕಂಡವರನ್ನೆಲ್ಲ ಬೈಯುವ ಹಕ್ಕನ್ನೂ ಆ ಹೆಸರೇ ಅವನಿಗೆ ಕೊಟ್ಟಂತಿತ್ತು.

ನಾನು ಬಾಡಿಗೆಗೆ ಬಂದ ಎಂಟು ತಿಂಗಳಿಗೆ, ಕುಂಕುಮ ಹಚ್ಚಿಸಿಕೊಂಡು ಹೋದ ಮೋಟಾರುಗಳು ತಿರುಗಿ ಬರತೊಡಗಿದವು. ಒಂದು ತಿಂಗಳೂ ಓಡದೆ ಬೇರಿಂಗ್ ಹಿಡಿದುಕೊಂಡು ನಿಂತವು. ಎರಡಲ್ಲ, ಮೂರಲ್ಲ, ಏಳು. ಜಮಾಲಸಾಬ ಆಗ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಮುಂಜಾನೆ ಮಾತ್ರ ಬಂದು ಹೋಗುತ್ತಿದ್ದ ಕಾಲ. ಒಂದು ಸಂತೆಯ ದಿನ ಅಂಗಡಿಯ ತುಂಬ ಜನ ಇದ್ದರು. ಹಿಂದೆ ತಂದ ಮೋಟಾರಿನ ಮೇಲೆ ಕೈಯಿಟ್ಟುಕೊಂಡು ದುಂಡೇಶ ಎಂಬ ರೈತ, ‘ಇದೇನ್ರಿ ಶೇಖಪ್ಪಣ್ಣ, ಕುಂಕುಮ ಹಚ್ಚಿ ಕೊಟ್ರಲ್ಲಾ?’ ಎಂದು ಕೇಳಿದ. ಶೇಖಪ್ಪನ ಮುಖ ಕೆಂಪಾಯಿತು. ಜಮಾಲಸಾಬನ ಕಡೆ ತಿರುಗಿದ.

‘ನಿನ್ನ ಕೈ ಹೋಗ್ಯಾವಲೇ ಜಮಾಲ. ಕಣ್ಣೂ ಹೋಗ್ಯಾವು. ನಡಗೂ ಕೈಲೆ ಬೇರಿಂಗ್ ಕೂಡಸಾಕ ಆಗೂದಿಲ್ಲ. ಮನಿಗೆ ಹೋಗಿ ಕೂಡು!’

ಮೂವತ್ತನಾಲ್ಕು ವರ್ಷ ಜೊತೆಗಿದ್ದವನಿಗೆ, ಅಷ್ಟು ಜನರ ಮುಂದೆ. ಕಚೇರಿಗೆ ಹೊರಟಿದ್ದ ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ಜಮಾಲಸಾಬ ಬಾಯಿ ತೆರೆದ, ಸುತ್ತಲಿನವರನ್ನು ನೋಡಿದ, ಬಾಯಿ ಮುಚ್ಚಿದ. ಕೈಯ ಗ್ರೀಸನ್ನು ಚಿಂದಿಯಿಂದ ಒಂದೊಂದೇ ಬೆರಳು ಒರೆಸಿಕೊಂಡು, ಚಿಂದಿಯನ್ನು ಮಡಚಿ ಟೇಬಲಿನ ಮೇಲಿಟ್ಟು ಹೊರಟುಹೋದ. ಮಾತು ಊರಲ್ಲಿ ಹಬ್ಬಲು ಒಂದು ಸಂತೆ ಸಾಕು. ಕೈ ನಡುಗುವ ಮೇಸ್ತ್ರಿಗೆ ಹಳಿಯಾಳದಲ್ಲಿ ಯಾರೂ ಕೆಲಸ ಕೊಡಲಿಲ್ಲ. ಎರಡು ತಿಂಗಳು ನೋಡಿ, ಅವನು ಮಳಗಿಯಲ್ಲಿರುವ ಮಗಳು ಅನೀಸಾಳ ಮನೆ ಸೇರಿದ.

ಅವನು ಹೋದ ಮೇಲೆಯೂ ಮೋಟಾರುಗಳು ತಿರುಗಿ ಬರುವುದು ನಿಲ್ಲಲಿಲ್ಲ. ಈಗ ಬೇರಿಂಗ್ ಕೂಡಿಸುತ್ತಿದ್ದವನು ಸ್ವತಃ ಶೇಖಪ್ಪ. ಬೈಯಲು ಜಮಾಲ ಇಲ್ಲವಲ್ಲ, ವೋಲ್ಟೇಜಿಗೆ ಬೈದ, ಬಾವಿಯ ಕೆಸರಿಗೆ ಬೈದ, ಮೋಟಾರು ಓಡಿಸಲು ಬಾರದ ರೈತರಿಗೆ ಬೈದ. ಅದೂ ಸಾಲದೆ ನನ್ನ ಹಾಡಿಗೆ ಬೈಯತೊಡಗಿದ.

ಹಾಡು ಎಂದರೆ ತಪ್ಪಾಗುತ್ತದೆ. ನಾನು ಅಂಚೆ ಕಚೇರಿಗೆ ಸೇರುವ ಮೊದಲು ಜೋಯಿಡಾದ ಹತ್ತಿರ ಒಂದು ಹೋಂಸ್ಟೇಯಲ್ಲಿ ಕೆಲಸಕ್ಕಿದ್ದೆ. ನದಿಯಲ್ಲಿ ದೋಣಿ ಆಡಲು ಬಂದ ಯಾರೋ ದಿಂಬಿನ ಕೆಳಗೆ ಒಂದು ಪೆನ್ ಡ್ರೈವ್ ಬಿಟ್ಟು ಹೋದರು. ವಿಳಾಸ ಇಲ್ಲ, ಕೇಳಿಕೊಂಡು ಫೋನೂ ಬರಲಿಲ್ಲ. ಅದರಲ್ಲಿ ಎಂಟು ಸಂಗೀತದ ತುಣುಕುಗಳಿದ್ದವು, ಹೆಸರಿಲ್ಲ, ಒಂದರಿಂದ ಎಂಟರವರೆಗೆ ಅಂಕಿ ಮಾತ್ರ. ಹಾಡುವವರಿಲ್ಲ, ತಬಲಾ ಇಲ್ಲ, ಹಾರ್ಮೋನಿಯಂ ಪೆಟ್ಟಿಗೆ ಇಲ್ಲ. ಕೆಳಗೆ ದಬ್, ದಬ್ ಎಂದು ಒಂದು ಹೊಡೆತ. ಅದರ ಮೇಲೆ ಒಂದೇ ಒಂದು ಸ್ವರ ಬಂದು, ಗೋಡೆಗೆ ಬಡಿದು, ಮರುದನಿಯಾಗಿ, ಇನ್ನೊಂದು ಮರುದನಿಯಾಗಿ, ಸವೆದು ಹೋಗುತ್ತದೆ. ಅದು ಪೂರ್ತಿ ಹೋಗುವ ಮೊದಲು ಮತ್ತೆ ಬರುತ್ತದೆ. ಹತ್ತು ನಿಮಿಷ ಅಷ್ಟೇ. ಮೊದಲ ಸಲ ಕೇಳಿದಾಗ ನನಗೂ ತಲೆ ಚಿಟ್ಟು ಹಿಡಿಯಿತು. ಇದೇನು, ಹಾಡು ಶುರುವಾಗುವುದು ಯಾವಾಗ ಎಂದು ಕಾದೆ. ಮೂರನೆಯ ಸಲ ಕೇಳುವಾಗ ಕಾಯುವುದನ್ನು ಬಿಟ್ಟೆ. ನಾನು ಹುಟ್ಟಿ ಬೆಳೆದದ್ದು ದಾಂಡೇಲಿಯಲ್ಲಿ, ಅಪ್ಪನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಹಗಲೂ ರಾತ್ರಿ ಊರಿನ ಕೆಳಗೆ ಒಂದು ಗುಂಯ್ ಸದ್ದು ಇರುತ್ತಿತ್ತು, ಊರು ಬಿಟ್ಟ ಮೇಲೆಯೇ ಅದು ಇತ್ತೆಂದು ಗೊತ್ತಾದದ್ದು. ಈ ಸಂಗೀತ ಅದನ್ನು ನನಗೆ ತಿರುಗಿ ಕೊಟ್ಟಿತು. ಇದಕ್ಕೆ ಡಬ್ ಎನ್ನುತ್ತಾರೆ, ಹಾಡಿನಿಂದ ಹಾಡುವವರನ್ನು ತೆಗೆದುಹಾಕಿ, ಉಳಿದ ಸದ್ದನ್ನು ಮರುದನಿಗೆ ಬಿಟ್ಟುಕೊಡುವ ಪದ್ಧತಿ ಎಂದು ಆಮೇಲೆ ಫೋನಿನಲ್ಲಿ ಓದಿ ತಿಳಿದುಕೊಂಡೆ.

ಗಂಡನ ಮನೆಯಲ್ಲಿ ನನ್ನನ್ನು ಪ್ರಶ್ನೆ ಕೇಳದವರು ಯಾರೂ ಇರಲಿಲ್ಲ. ಈ ಎಂಟು ತುಣುಕುಗಳು ನನ್ನನ್ನು ಏನೂ ಕೇಳುವುದಿಲ್ಲ. ಅದಕ್ಕೇ ಮೊದಲ ಸಂಬಳದಲ್ಲಿ ಒಂದು ಒಳ್ಳೆಯ ಸ್ಪೀಕರ್ ಡಬ್ಬಿ ಕೊಂಡೆ. ಸಂಜೆ ಆರಕ್ಕೆ ಬಂದು ಮುಖ ತೊಳೆದು, ಚಹಾ ಮಾಡಿಕೊಂಡು, ಒಂದರಿಂದ ಎಂಟರವರೆಗೆ ಕೇಳುತ್ತಿದ್ದೆ.

ಶುರುವಾದ ಎರಡೇ ನಿಮಿಷಕ್ಕೆ ಕೆಳಗಿನಿಂದ ಶೇಖಪ್ಪ ಶಟರ್ ಎಳೆಯುವ ಕಬ್ಬಿಣದ ಕೋಲಿನಿಂದ ಚಾವಣಿಗೆ ಗುದ್ದುತ್ತಿದ್ದ. ನನ್ನ ಕಾಲ ಕೆಳಗೆ ಟಣ್, ಟಣ್. ‘ಏ ತಂಗೀ! ಆ ದಬ್ ದಬ್ ಬಂದ್ ಮಾಡ್! ಹಿಟ್ಟಿನ ಗಿರಣಿ ಇಟ್ಟೀಯೇನು?’ ನಾನು ಸದ್ದು ಏರಿಸುತ್ತಿದ್ದೆ. ಅವನು ಇನ್ನೂ ಜೋರಾಗಿ ಗುದ್ದುತ್ತಿದ್ದ. ಹೀಗೆ ಒಂದು ವರ್ಷ ನಮ್ಮ ಯುದ್ಧ ನಡೆಯಿತು. ನನಗೂ ಹಟ, ಒಪ್ಪಿಕೊಳ್ಳುತ್ತೇನೆ. ಅವನನ್ನು ರೇಗಿಸುವ ಸಂತೋಷಕ್ಕೇ ಕೆಲವು ದಿನ ಹಚ್ಚಿದ್ದುಂಟು. ಒಂದು ವಿಚಿತ್ರವನ್ನು ಮಾತ್ರ ಗಮನಿಸಿದ್ದೆ. ನಾಲ್ಕನೆಯ ತುಣುಕಿನ ನಡುವೆ ಆ ಹೊಡೆತ ಪೂರ್ತಿ ನಿಂತು, ಸಣ್ಣಗೆ ‘ಸುಯ್’ ಎನ್ನುವ ಸದ್ದೊಂದೇ ಮೂರು ನಿಮಿಷ ಉಳಿಯುತ್ತದೆ. ಅಲ್ಲಿ ಅವನ ಕೋಲೂ ನಿಲ್ಲುತ್ತಿತ್ತು. ಹೊಡೆತ ತಿರುಗಿ ಬಂದ ಕೂಡಲೇ ಕೋಲೂ ಬರುತ್ತಿತ್ತು. ಮುದುಕನಿಗೆ ಆ ಭಾಗ ಸೇರುತ್ತದೆ ಎಂದುಕೊಂಡೆ, ಅದಕ್ಕೂ ಮೈ ಉರಿಯಿತು. ಅದು ನನಗೆ ಎಲ್ಲಕ್ಕಿಂತ ಸೇರುವ ಭಾಗ.

ಕಳೆದ ಮಾಘದ ಒಂದು ರವಿವಾರ, ರಜೆಯೆಂದು ಮುಂಜಾನೆಯೇ ನಾನು ಹಚ್ಚಿದ್ದಾಗ, ಅವನು ಕೋಲು ಬಿಟ್ಟು ಮೇಲೆಯೇ ಬಂದ. ಅವತ್ತು ಇನ್ನೆರಡು ಮೋಟಾರು ತಿರುಗಿ ಬಂದಿದ್ದವಂತೆ. ಬಾಗಿಲು ತಟ್ಟಲಿಲ್ಲ, ದೂಡಿಕೊಂಡು ಒಳಗೆ ಬಂದ. ಕೈಯಲ್ಲಿ ಸ್ಕ್ರೂಡ್ರೈವರ್. ಹಿಂದೆ ಅವನ ಹೆಂಡತಿ ಸಕ್ಕುಬಾಯಿ, ‘ಬ್ಯಾಡ್ರಿ, ಹೆಣಮಗಳ ಖೋಲಿ ಅದು’ ಎನ್ನುತ್ತ ಏದುಸಿರು ಬಿಡುತ್ತ ಬಂದಳು.

‘ಇವತ್ತ ನಿನ್ನ ಡಬ್ಬಿ ಒಡದ ಹಾಕೂದ ಖರೇ’ ಎಂದ ಶೇಖಪ್ಪ. ಹೇಳಿ ಮುಗಿಸುವಷ್ಟರಲ್ಲಿ ನಾಲ್ಕನೆಯದರ ಹೊಡೆತ ನಿಂತು ಸುಯ್ ಸದ್ದು ಉಳಿಯಿತು. ಅವನು ಕೈ ಇಳಿಸಿದ. ‘ಹಾಂ. ಬಂದ್ ಮಾಡಿದೀ? ಇಷ್ಟರ ಅಂಜಿಕಿ ಐತೆಲ್ಲಾ.’

‘ಬಂದ್ ಮಾಡಿಲ್ರಿ. ನಡದೈತಿ’ ಎಂದೆ.

‘ಸುಳ್ಳ ಯಾಕ ಬೊಗಳ್ತೀ? ನನಗ ಹೇಳ್ತೀಯೇನು? ಕಿವಿ ಶೇಖಪ್ಪಗ?’

‘ನಡದೈತಲ್ರಿ’ ಎಂದಳು ಸಕ್ಕುಬಾಯಿ ಹಿಂದಿನಿಂದ. ‘ಸುಂಯ್ ಅನ್ನಾಕತ್ತೈತಿ. ಕುಕ್ಕರ್ ಸೀಟಿ ಹೊಡಿಯೂಕಿಂತ ಮೊದಲ ಅಂತೈತಲ್ಲಾ, ಹಂಗ.’

ಶೇಖಪ್ಪ ಹೆಂಡತಿಯನ್ನು ನೋಡಿದ, ಡಬ್ಬಿಯನ್ನು ನೋಡಿದ. ಆ ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ಕುಕ್ಕರಿನ ಸೀಟಿ ಕೆಟ್ಟಿದೆ ಎಂದು ಅವನು ವರ್ಷದಲ್ಲಿ ಮೂರು ಸಲ ಸೀಟಿ ಬದಲಿಸಿದ್ದ. ಹಿಂದಿನಿಂದ ಸೈಕಲ್ ಗಂಟೆ ಹೊಡೆದರೆ ಸರಿಯುತ್ತಿರಲಿಲ್ಲ. ಎಲ್ಲರೊಡನೆ ಕೂಗಿಯೇ ಮಾತಾಡುತ್ತಿದ್ದ. ಕೋಲು ನಾಲ್ಕನೆಯದರಲ್ಲಿ ನಿಲ್ಲುತ್ತಿದ್ದುದು ಅವನಿಗೆ ಅದು ಸೇರುತ್ತಿದ್ದುದರಿಂದಲ್ಲ. ಅವನ ಪಾಲಿಗೆ ಅಲ್ಲಿ ಏನೂ ಇರಲಿಲ್ಲ.

ಮೆಲ್ಲಗೆ ಹೇಳಬಹುದಿತ್ತು. ಒಬ್ಬನನ್ನೇ ಕರೆದು ಹೇಳಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಎರಡು ವರ್ಷದ ಸಿಟ್ಟನ್ನೆಲ್ಲ ಕೂಡಿಸಿ, ಅವನ ಹೆಂಡತಿಯ ಎದುರಿಗೆ, ಒಂದೊಂದೇ ಪದ ಬಿಡಿಸಿ ಹೇಳಿದೆ.

‘ಕಾಕಾ, ನಿಮ್ಮ ಕಿವಿ ಹೋಗ್ಯಾವ್ರಿ. ದೊಡ್ಡ ಸಪ್ಪಳ ಅಷ್ಟ ಕೇಳಿಸ್ತೈತಿ ನಿಮಗ. ಸಣ್ಣ ಸಪ್ಪಳ ಕೇಳಿಸೂದಿಲ್ಲ. ಜಮಾಲಚಾಚಾನ ಕೈ ಹೋಗಿದ್ದಿಲ್ಲ, ನಿಮ್ಮ ಕಿವಿ ಹೋಗಿದ್ದೂವು.’

ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ತಣ್ಣಗಾಯಿತು. ಸಕ್ಕುಬಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು. ಶೇಖಪ್ಪ ಬೈಯುತ್ತಾನೆ ಎಂದು ಕಾದೆ. ಅವನು ತಿರುಗಿ ಮೆಟ್ಟಿಲು ಇಳಿದುಹೋದ.

ಎರಡು ದಿನ ಕೆಳಗಿನಿಂದ ಬೈಗುಳವಿಲ್ಲ. ಮೋಟಾರುಗಳು ಮಾತ್ರ ಓಡುತ್ತಿದ್ದವು. ಒಂದನ್ನು ಓಡಿಸುವುದು, ನಿಲ್ಲಿಸುವುದು, ಇನ್ನೊಂದನ್ನು ಓಡಿಸುವುದು. ಚಹಾ ಕೊಡುವ ನೆಪದಲ್ಲಿ ಸಕ್ಕುಬಾಯಿ ಬಂದು ಹೇಳಿದಳು: ಹೊಚ್ಚ ಹೊಸದೊಂದು, ಬೇರಿಂಗ್ ಕೆಟ್ಟು ತಿರುಗಿ ಬಂದದ್ದೊಂದು, ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಕಿವಿಯಿಟ್ಟು ನೋಡುತ್ತಿದ್ದಾನೆ. ಎರಡೂ ಒಂದೇ ಥರ ಕೇಳಿಸುತ್ತವಂತೆ. ಬೇರಿಂಗ್ ಕೆಡುವಾಗ ಮೊದಲು ಬರುವುದು ಸಣ್ಣ ಸುಯ್ ಸದ್ದು, ಗೊರಗೊರ ಎನ್ನುವುದು ಎಲ್ಲ ಮುಗಿದ ಮೇಲೆ. ಇದು ಅವನೇ ಮೂವತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದ ಪಾಠ.

ಮೂರನೆಯ ದಿನ ಸಂಜೆ ನನ್ನ ಬಾಗಿಲು ತಟ್ಟಿದ ಸದ್ದು. ತಟ್ಟುವುದು ಅವನಿಗೆ ಬರುತ್ತದೆ ಎಂದು ಗೊತ್ತಾದದ್ದೇ ಆವತ್ತು.

‘ಹಚ್ಚು ಅದನ್ನ. ನಿನ್ನ ಸುಂಯ್ ಅನ್ನೂದನ್ನ’ ಎಂದ.

ನಾಲ್ಕನೆಯದನ್ನು ಹಚ್ಚಿದೆ. ಅವನು ನೆಲದ ಮೇಲೆ ಕೂತು, ಸ್ಕ್ರೂಡ್ರೈವರಿನ ತುದಿಯನ್ನು ಡಬ್ಬಿಯ ಮೇಲಿಟ್ಟು, ಹಿಡಿಕೆಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದ. ಹೊಡೆತ ಇರುವವರೆಗೆ ಅವನ ತಲೆ ಸ್ವಲ್ಪ ಸ್ವಲ್ಪ ಆಡುತ್ತಿತ್ತು. ಹೊಡೆತ ನಿಂತಿತು.

‘ಈಗ ಐತಿ?’

‘ಐತ್ರಿ.’

ಅವನು ಕಿವಿ ಬದಲಿಸಿದ. ‘ಈಗ?’

‘ಐತ್ರಿ ಕಾಕಾ.’

‘ಏರಿಸು.’

ಏರಿಸಿದೆ. ಆ ಸದ್ದು ನನ್ನ ಹಲ್ಲಿನ ಬೇರಿಗೆ ಹತ್ತುವಷ್ಟು ಏರಿಸಿದೆ. ಎದುರಿನ ಮನೆಯವರು ಕಿಟಕಿ ತೆರೆದು ನೋಡಿದರು. ಅವನು ಹಿಡಿಕೆಯನ್ನು ಎಷ್ಟು ಒತ್ತಿದ್ದನೆಂದರೆ ಕಿವಿಯ ಸುತ್ತ ಕೆಂಪಾಗಿತ್ತು.

‘ಈಗ?’

‘ಬಾಳ ಜೋರ ಐತ್ರಿ’ ಎಂದೆ. ನನಗೆ ಅವನ ಮೇಲೆ ಕನಿಕರ ಬಂತು, ಕನಿಕರ ಬಂದದ್ದಕ್ಕೆ ನನ್ನ ಮೇಲೆ ಸಿಟ್ಟು ಬಂತು.

ಅವನು ಸ್ಕ್ರೂಡ್ರೈವರನ್ನು ತೊಡೆಯ ಮೇಲಿಟ್ಟುಕೊಂಡ. ‘ರವಿವಾರ ಮಳಗಿಗೆ ಹೋಗೂಣು. ಡಬ್ಬಿ ತಗೋ’ ಎಂದ.

‘ಡಬ್ಬಿ ಯಾಕ್ರಿ?’

‘ಅವಗರ ಕೇಳಿಸ್ತೈತೇನು ನೋಡಬೇಕು.’

ಎಂಥ ಮನುಷ್ಯ ನೋಡಿ. ಜಮಾಲಸಾಬನ ಕಿವಿಯೂ ಹೋಗಿರಲಿ, ಆಗ ತಪ್ಪು ಇಬ್ಬರದೂ ಆಗುತ್ತದೆ ಎಂಬ ಆಸೆ ಇನ್ನೂ ಇತ್ತು ಅವನಿಗೆ. ಬರುವುದಿಲ್ಲ ಎನ್ನಬೇಕೆಂದುಕೊಂಡೆ. ಆದರೆ ಆ ಸಂತೆಯ ದಿನ ಮೆಟ್ಟಿಲ ಮೇಲೆ ನಿಂತು ನೋಡಿದವಳು ನಾನೂ ಹೌದು, ಒಂದು ಮಾತೂ ಆಡಿರಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

ಕಲಘಟಗಿ, ತಡಸ, ಮುಂಡಗೋಡ. ಮುಂಡಗೋಡದಲ್ಲಿ ನನ್ನ ಗಂಡನ ಮನೆ. ಬಸ್ಸು ನಿಂತಷ್ಟು ಹೊತ್ತೂ ನಾನು ವೇಲನ್ನು ಮುಖದ ಮೇಲೆಳೆದುಕೊಂಡು ಕೂತೆ. ಶೇಖಪ್ಪ ನೋಡಿದ, ಎದ್ದು ಕಿಟಕಿಯ ಕಡೆ ಬಂದು ಅಡ್ಡ ಕೂತ, ಏನೂ ಕೇಳಲಿಲ್ಲ. ಅಲ್ಲಿಂದ ಮುಂದೆ ಮಳಗಿ.

ಅನೀಸಾ ಬಾಗಿಲು ತೆರೆದವಳು ಶೇಖಪ್ಪನನ್ನು ಕಂಡು ಅರ್ಧ ಮುಚ್ಚಿದಳು. ‘ಯಾಕ ಬಂದ್ರಿ? ಇನ್ನೇನರ ಹೇಳೂದು ಉಳದೈತೇನು? ನಮ್ಮ ಅಬ್ಬಾನ ಕೈಯಾಗ ಈ ಊರಾಗ ಒಂದ ಮಿಕ್ಸರ್ ಸೈತ ಕೊಡೂದಿಲ್ಲ ಯಾರೂ. ನಿಮ್ಮ ಮಾತ ಇಲ್ಲೀತನಾ ಬಂದೈತಿ.’ ಶೇಖಪ್ಪ ತಲೆ ತಗ್ಗಿಸಿ ನಿಂತ. ಬೈಸಿಕೊಳ್ಳುವುದು ಅವನಿಗೆ ರೂಢಿಯಿಲ್ಲ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಚೀಲದ ಹಿಡಿಕೆಯನ್ನು ನನ್ನಿಂದ ಕಿತ್ತುಕೊಂಡ. ಒಳಗಿನಿಂದ ಜಮಾಲಸಾಬನ ದನಿ ಬಂತು: ‘ಬರ್ಲಿ ಬಿಡವಾ. ಚಾ ಮಾಡು.’

ಒಳಗೆ ಚಾಪೆಯ ಮೇಲೆ ಕೂತಿದ್ದ ಅವನು ಶೇಖಪ್ಪನಿಗೆ ಕೂಡು ಎನ್ನಲಿಲ್ಲ, ನನಗೆ ಅಂದ. ಚಹಾ ಬಂತು. ಜಮಾಲಸಾಬ ತನ್ನ ಕಪ್ಪನ್ನು ಎತ್ತಿ, ಕೆಳಗಿನ ಬಸಿಗೆ ಚಹಾವನ್ನು ಅಂಚಿನ ತನಕ ತುಂಬಿಸಿ, ಆ ಬಸಿಯನ್ನು ಶೇಖಪ್ಪನ ಕಣ್ಣ ಮುಂದೆ ಹಿಡಿದ. ಹಾಗೇ ಹಿಡಿದೇ ಇದ್ದ. ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ಕುಡಿದ.

ಶೇಖಪ್ಪ ನನಗೆ ಸನ್ನೆ ಮಾಡಿದ. ನಾನು ಡಬ್ಬಿಯಿಟ್ಟು ನಾಲ್ಕನೆಯದನ್ನು ಹಚ್ಚಿದೆ. ದಬ್ ದಬ್ ಎನ್ನುವಾಗ ಜಮಾಲಸಾಬ ಮುಖ ಸಿಂಡರಿಸಿದ. ಹೊಡೆತ ನಿಂತು ಸುಯ್ ಸದ್ದು ಉಳಿದಾಗ ತಲೆಯನ್ನು ಒಂದು ಕಡೆ ವಾಲಿಸಿ ಕೇಳಿದ.

‘ಇದರ ಬೇರಿಂಗ್ ಒಣಗೇತಿ ತಂಗಿ. ಗ್ರೀಸ್ ಹಾಕ್ಸು’ ಎಂದ.

ನನಗೆ ನಗು ಬಂತು. ಶೇಖಪ್ಪ ನಗಲಿಲ್ಲ. ‘ನಿನಗ ಕೇಳಿಸ್ತೈತಿ’ ಎಂದ.

‘ಕೇಳಿಸ್ತೈತಿ. ನಿನಗ ಕೇಳಿಸೂದಿಲ್ಲ. ನಾಕ-ಐದ ವರ್ಷ ಆತು.’

‘ನಿನಗ ಗೊತ್ತಿತ್ತೇನೋ?’

‘ಗೊತ್ತಿಲ್ಲದ ಏನು? ನೀ ಊಟಕ್ಕ ಒಳಗ ಹೋದ ಕೂಡ್ಲೆ ನಾ ಎಲ್ಲಾ ಮೋಟಾರಿಗೂ ಕಿವಿ ಇಡತಿದ್ನಿ. ಹತ್ತರಾಗ ಎರಡಕ್ಕ ಸುಂಯ್ ಸಪ್ಪಳ ಇರತಿತ್ತು, ಹೊಸಾ ಬೇರಿಂಗೂ ಕೆಟ್ಟವು ಬರತಾವು. ಅದನ್ನ ಬಿಚ್ಚಿ ಬ್ಯಾರೆ ಕೂಡಸತಿದ್ನಿ. ನೀ ಎರಡಕ್ಕ ಬಂದು ಹೂಂ ಅಂತಿದ್ದಿ, ಕುಂಕುಮ ಹಚ್ಚತಿದ್ದಿ.’ ಬಸಿಯನ್ನು ಕೆಳಗಿಟ್ಟ. ‘ಕಣ್ಣ ಆಪರೇಶನ್ ಆದಾಗ ಡಾಕ್ಟರು ಬಿಸಲಾಗ ಅಡ್ಡಾಡಬ್ಯಾಡ ಅಂದ್ರು. ಹನ್ನೆರಡಕ್ಕ ಮನಿಗೆ ಹೋಗತಿದ್ನಿ. ಅವಾಗ ಹೋದೂವು ನೋಡು ತಿರಗಿ ಬಂದೂವು.’

ಶೇಖಪ್ಪ ಒಂದು ಹೆಜ್ಜೆ ಮುಂದೆ ಬಂದ. ‘ಮತ್ತ ಅವತ್ತ... ನಾ ಅಷ್ಟ ಅಂದಾಗ ಯಾಕ ಹೇಳಲಿಲ್ಲೋ?’

‘ಮಂದಿ ಮುಂದನ?’ ಎಂದ ಜಮಾಲಸಾಬ.

ಅನೀಸಾ ಒಳಬಾಗಿಲಲ್ಲಿ ನಿಂತಿದ್ದಳು. ಡಬ್ಬಿಯಲ್ಲಿ ಹೊಡೆತ ಮತ್ತೆ ಶುರುವಾಯಿತು, ನಾನು ನಿಲ್ಲಿಸಿದೆ.

‘ಮೇಸ್ತ್ರಿ ಕೈ ಹೋತಂದ್ರ ಇನ್ನೊಬ್ಬ ಮೇಸ್ತ್ರಿ ಸಿಗ್ತಾನ. ಕಿವಿ ಹೋತಂದ್ರ ಅಂಗಡೀನ ಹೋಗತಿತ್ತು. ಸಂಜಿಗೆ ಬರತೀ, ಬಂದ ಮ್ಯಾಲ ಒಬ್ಬನ್ನ ಕರದು ಹೇಳೂಣು ಅಂತ ಮಾಡಿದ್ನಿ. ಸಂಜಿಗೆ ಬರಲಿಲ್ಲ ನೀ. ಮರದಿನಾ ಬರಲಿಲ್ಲ. ಹದಿನಾಕ ತಿಂಗಳ ದಾರಿ ನೋಡೇನಿ ಶೇಕ್ಯಾ. ಈಗ ಬಂದೀ, ಅದೂ ನನ್ನ ಕಿವಿ ಪರೀಕ್ಷಾ ಮಾಡಾಕ.’ ಅವನು ಎದ್ದು ನಿಂತ. ‘ಚಾ ಆತು. ನಾಕಕ್ಕ ಬಸ್ಸ ಐತಿ. ಹೋಗ್ರಿ.’

ಶೇಖಪ್ಪ ಏನೋ ಹೇಳಲು ಹೋದ. ‘ಮಂದಿ ಮುಂದ ಕಳದದ್ದು ಮನ್ಯಾಗ ಸಿಗೂದಿಲ್ಲ, ಹೋಗು’ ಎಂದು ಜಮಾಲಸಾಬ ಒಳಗೆ ಹೋದ. ಹಳಿಯಾಳದಲ್ಲಿ ಇಳಿದಾಗ ಶೇಖಪ್ಪ, ನಾನು ಚೀಲವನ್ನು ಸರಿಯಾಗಿ ಹಿಡಿದಿಲ್ಲವೆಂದು ಬೈದ.

ಮುಂದಿನ ಸಂತೆಯ ದಿನ ನಾನು ಅರ್ಧ ದಿನ ರಜೆ ಹಾಕಿದೆ. ಯಾಕೆ ಎಂದು ದ್ರಾಕ್ಷಾಯಣಿಗೆ ಹೇಳಲಿಲ್ಲ. ಅವನು ಹಿಂದಿನ ದಿನ ಮೋಟಾರುಗಳನ್ನೆಲ್ಲ ಸಾಲಾಗಿ ಹೊರಗೆ ಇಡಿಸಿದ್ದ, ಅದಕ್ಕೇ ಏನೋ ನಡೆಯಲಿದೆ ಎಂಬ ಅನುಮಾನ ಬಂದಿತ್ತು. ಮಧ್ಯಾಹ್ನಕ್ಕೆ ಅಂಗಡಿಯ ಮುಂದೆ ಇಪ್ಪತ್ತು ಮೂವತ್ತು ಜನ ಸೇರಿದ್ದರು, ದುಂಡೇಶನೂ ಇದ್ದ. ಎರಡು ಗಂಟೆಗೆ ಶೇಖಪ್ಪ ಹೊರಗೆ ಬಂದ. ಕೈಯಲ್ಲಿ ಸ್ಕ್ರೂಡ್ರೈವರ್ ಇರಲಿಲ್ಲ.

ಕ್ಷಮೆ ಕೇಳುವುದು ಅವನಿಗೆ ಎಲ್ಲಿ ಬರಬೇಕು? ಜಗಳಕ್ಕೆ ನಿಂತವನ ಹಾಗೆ ನಿಂತು ಕೂಗಿದ.

‘ಕೇಳ್ರಲೇ ಎಲ್ಲಾರೂ! ಏ ದುಂಡೇಶ, ಅತ್ತಾಗ ಏನ ನೋಡ್ತೀ, ಇತ್ತ ಕೇಳು! ಇದ ಜಾಗಾದಾಗ ನಿಂತು ನಾ ಜಮಾಲನ ಕೈ ಹೋಗ್ಯಾವು ಅಂದಿದ್ನಿ. ಸುಳ್ಳದು. ನನ್ನ ಕಿವಿ ಹೋಗ್ಯಾವು. ಅವನ ಕೈ ನೆಟ್ಟಗ ಅದಾವು, ಕಿವಿನೂ ನೆಟ್ಟಗ ಅದಾವು. ನಾಕ ವರ್ಷ ನಿಮ್ಮ ಮೋಟಾರಿಗೆ ಕಿವಿ ಇಟ್ಟಾಂವ ಅವ, ನಾ ಬರೇ ಕುಂಕುಮ ಹಚ್ಚಿದಾಂವ. ಮಂಗ್ಯಾನಂಗ ಕಣ್ಣ ಮುಚ್ಚಿ ನಿಂತಿದ್ನಿ!’

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಒಬ್ಬ ಹುರುಪಿನಿಂದ ಫೋನು ಎತ್ತಿ ಹಿಡಿದಿದ್ದ. ‘ಹಿಡಕೋ, ಹಿಡಕೋ, ಎಲ್ಲಾರಿಗೂ ಕಳಸು’ ಎಂದು ಶೇಖಪ್ಪ ಅವನಿಗೂ ಕೂಗಿದ.

‘ಹಂಗಾರ ನಮ್ಮ ಮೋಟಾರಿಗೆ ಕಿವಿ ಇಡಾವ್ರ ಯಾರ್ರಿ?’ ಎಂದ ದುಂಡೇಶ.

‘ಯಾರೂ ಇಲ್ಲ. ಬ್ಯಾರೆ ಕಡೆ ಒಯ್ರಿ.’

ಒಯ್ದರು. ಸಂಜೆಯೊಳಗೆ ಟ್ರ್ಯಾಕ್ಟರುಗಳು ಬಂದು ಒಂದೊಂದೇ ಮೋಟಾರನ್ನು ಏರಿಸಿಕೊಂಡು ಹೋದವು. ಕೊನೆಗೆ ಎರಡೋ ಮೂರೋ ಉಳಿದವು, ಯಾರೂ ಕೇಳದವು. ಈ ಮನುಷ್ಯನ ಅಹಂಕಾರ ಮುರಿಯಲಿ ಎಂದು ಎರಡು ವರ್ಷ ಬೇಡಿಕೊಂಡವಳು ನಾನು. ಮುರಿದದ್ದನ್ನು ಕಣ್ಣಾರೆ ಕಂಡೆ. ಆದರೆ ಆಗಬೇಕಾದಷ್ಟು ಸಂತೋಷ ಆಗಲಿಲ್ಲ. ನಕ್ಕವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಆಮೇಲೆ ಕೆಳಗೆ ಅಂಗಡಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಅಷ್ಟೇ. ಶೇಖಪ್ಪ ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದ. ನಾನು ಸಂಜೆ ಬಂದು ಒಂದರಿಂದ ಎಂಟರವರೆಗೆ ಹಚ್ಚುತ್ತಿದ್ದೆ, ಕೋಲು ಬರುತ್ತಿರಲಿಲ್ಲ. ಸದ್ದು ಏರಿಸಿ ನೋಡಿದೆ, ಆಗಲೂ ಬರಲಿಲ್ಲ. ಬೈಗುಳವಿಲ್ಲದ ಸಂಗೀತ ಕೇಳಲು ಒಂದು ವರ್ಷದಿಂದ ಆಸೆಪಟ್ಟಿದ್ದೆ, ಈಗ ಅದು ಸಪ್ಪೆಯಾಗಿತ್ತು.

ಹನ್ನೊಂದನೆಯ ದಿನ ಸಂಜೆ. ನಾಲ್ಕನೆಯದು ಶುರುವಾಗಿ, ಹೊಡೆತ ನಡೆದು, ನಿಂತು, ಸುಯ್ ಸದ್ದು ಉಳಿಯಿತು. ನಾನು ಚಹಾದ ಕಪ್ಪು ತುಟಿಗಿಡುವಾಗ ಕಾಲ ಕೆಳಗೆ ಟಣ್, ಟಣ್.

ಕಪ್ಪನ್ನು ಹಾಗೇ ಹಿಡಿದು ಕೂತೆ. ಹೊಡೆತ ಇನ್ನೂ ಬಂದಿರಲಿಲ್ಲ. ಸುಯ್ ಸದ್ದೊಂದೇ ಇತ್ತು. ಮತ್ತೆ ಟಣ್, ಟಣ್. ಈ ಸದ್ದಿಗೆ ಶೇಖಪ್ಪ ಗುದ್ದಲಾರ. ನಾನು ಬರಿಗಾಲಿನಲ್ಲಿ ಮೆಟ್ಟಿಲು ಇಳಿದು ಓಡಿದೆ.

ಕಪ್ಪು ಕನ್ನಡಕ ಹಾಕಿಕೊಂಡ ಜಮಾಲಸಾಬ ಶಟರಿನ ಕೋಲು ಹಿಡಿದು ನಿಂತಿದ್ದ. ಟೇಬಲಿನ ಮೇಲೆ ಒಂದು ಮೋಟಾರು ಓಡುತ್ತಿತ್ತು. ಶೇಖಪ್ಪ ಸ್ಟೂಲಿನ ಮೇಲೆ ಕೂತಿದ್ದ, ಜಮಾಲಸಾಬ ಅವನಿಗೆ ಬೆನ್ನು ಮಾಡಿದ್ದ.

‘ಏ ತಂಗಿ, ಗ್ರೀಸ್ ಹಾಕ್ಸು ಅಂದಿದ್ನಿಲ್ಲ ಅವತ್ತ? ಆ ಸಪ್ಪಳದಾಗ ಈ ಬೇರಿಂಗಿನ ಸಪ್ಪಳ ನನಗ ಹೆಂಗ ತಿಳಿಬೇಕು?’ ಎಂದ ನನ್ನನ್ನು ಕಂಡು.

‘ಏನಂತಾನ ಅವ?’ ಎಂದು ಶೇಖಪ್ಪ ಕೇಳಿದ, ಅವನನ್ನಲ್ಲ, ನನ್ನನ್ನು.

‘ಅವಗ ಹೇಳ ತಂಗಿ, ಮಂದಿ ಮುಂದ ಅಂದದ್ದು ಫೋನಿನ್ಯಾಗ ಮಳಗೀತನಾ ಬಂತು. ನಾ ಮಾತಾಡಾಕ ಬಂದಿಲ್ಲ. ಕಿವಿ ಇಡಾಕ ಬಂದೇನಿ’ ಎಂದ ಜಮಾಲಸಾಬ. ಮರದ ಹಿಡಿಕೆಯ ಸ್ಕ್ರೂಡ್ರೈವರನ್ನು ತೆಗೆದುಕೊಂಡು, ತುದಿಯನ್ನು ಬೇರಿಂಗಿನ ಮೇಲಿಟ್ಟ. ಕಣ್ಣು ಮುಚ್ಚಿದನೋ ಇಲ್ಲವೋ, ಕನ್ನಡಕದ ಹಿಂದೆ ಕಾಣಲಿಲ್ಲ. ಶೇಖಪ್ಪ ಕುಂಕುಮದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳು ಅದ್ದಿ, ಅವನ ಬೆನ್ನನ್ನೇ ನೋಡುತ್ತಿದ್ದ.

ಜಮಾಲಸಾಬ ‘ಹೂಂ’ ಎಂದ. ಮೋಟಾರಿನ ಸದ್ದಿನಲ್ಲಿ ಅದು ಶೇಖಪ್ಪನಿಗೆ ಕೇಳಿಸಲಿಲ್ಲ. ಬೆರಳು ಹಾಗೇ ನಿಂತಿತ್ತು.

‘ಹಚ್ರಿ ಕಾಕಾ! ಹೂಂ ಅಂದ್ರು!’ ಎಂದು ನಾನೇ ಕೂಗಿದೆ.

‘ಒದರಬ್ಯಾಡ, ನಾ ಏನ ಕಿವುಡ ಅಲ್ಲ’ ಎಂದು ನನ್ನನ್ನು ಬೈದು, ಶೇಖಪ್ಪ ಎದ್ದು ಹೋಗಿ ಕುಂಕುಮ ಹಚ್ಚಿದ.